ಕುಡಿದು ಬಂದವನಿಗೂ ಗುಳಿಗಿ ಕೊಡಬೇಕು

(ರಾಯಚೂರಿನಲ್ಲಿ ಎಆರ್‌ಟಿ ಕೇಂದ್ರದ ಸಿಬ್ಬಂದಿ, ಆಪ್ತಸಮಾಲೋಚಕರು, ಶುಶ್ರೂಷಕಿಯರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಆರ್‌ಟಿ (ಎಚ್‌ಐವಿ ವೈರಾಣುವನ್ನು ಹಿಡಿದಿಡುವ ಔಷಧ) ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿನಿಂದ ಶುರು ಮಾಡೋಣ. ದೇವದುರ್ಗದ ಕಡೆಯಿಂದ ಮೊದಲ ಬಸ್ಸಿಗೆ ಬಂದವನೊಬ್ಬ ಸರತಿಯಲ್ಲಿ ನಿಂತಿದ್ದಾನೆ. ಬಾಯಿಂದ ವಾಸನೆ ಬರುತ್ತಿದೆ, ಬೆರಳು ಸಣ್ಣಗೆ ನಡುಗುತ್ತಿವೆ. ಒಳಗಿನಿಂದ ಮಾತು ಬರುತ್ತದೆ: ‘ಕುಡ್ದು ಬಂದೀಯಲ್ಲ, ಹೆಂಗ ಗುಳಿಗಿ ಕೊಡಬೇಕು? ಮೊದಲ ಅದನ್ನ ಬಿಟ್ಟು ಬಾ.’ ಹಾಗೆಂದವರ ಮನಸ್ಸಿನಲ್ಲಿ ಕೆಡುಕಿಲ್ಲ, ಅವನು ಬದುಕಲಿ ಎಂದೇ ಹೇಳಿದ್ದು. ಆದರೆ ಅವನ ಕಿವಿಗೆ ಬಿದ್ದದ್ದು ಎರಡು ಮಾತು: ಕುಡಿದ ದಿನ ಗುಳಿಗಿ ತಗೊಳ್ಳಬಾರದು, ಕುಡಿದ ದಿನ ಇತ್ತ ಕಾಲಿಡಬಾರದು. ದಿನಾ ಕುಡಿಯುವವನು ಇದನ್ನು ಪಾಲಿಸಿದರೆ ಗುಳಿಗಿ ಪೂರ್ತಿ ನಿಂತಹಾಗೆ.

ವಾರಕ್ಕೆ ಎರಡು ದಿನ ಮಾತ್ರ ಕುಡಿಯುವವನ ಲೆಕ್ಕ ನೋಡಿ. ತಿಂಗಳಿಗೆ 30 ಗುಳಿಗಿ. ಶನಿವಾರ, ಭಾನುವಾರ ಬಿಟ್ಟರೆ 8 ಹೋಯಿತು, ಉಳಿದದ್ದು 22. ಅಂದರೆ ಶೇ. 73. ನಾವು ಕೇಳುವುದು ಶೇ. 95, ತಿಂಗಳಿಗೆ ಎರಡು ತಪ್ಪಿದರೂ ಶೇ. 93ಕ್ಕೆ ಇಳಿಯುತ್ತದೆ. ವಾರವಾರ ಹೀಗೆ ಎರಡು ದಿನ ಖಾಲಿ ಬಿದ್ದರೆ ವೈರಾಣು ಮತ್ತೆ ತಲೆ ಎತ್ತುತ್ತದೆ, ಔಷಧಕ್ಕೆ ಬಗ್ಗದ ತಳಿ ಹುಟ್ಟಲು ಜಾಗ ಸಿಗುತ್ತದೆ, ಮನೆಯಲ್ಲಿರುವ ಹೆಂಡತಿಗೂ ಅಪಾಯ ತಿರುಗಿ ಬರುತ್ತದೆ.

ಹಾಗಾಗಿ ಈ ಮೂರು ದಿನದ ತರಬೇತಿಯಲ್ಲಿ ಏನೇ ಮರೆತರೂ ಇದೊಂದು ನೆನಪಿರಲಿ: ನಶೆ ಬಿಡುವುದು ಎಆರ್‌ಟಿಗೆ ಷರತ್ತಲ್ಲ. ಗುಳಿಗಿ ಮೊದಲು. ನಶೆಯ ಮಾತು ಅದರ ಜೊತೆಜೊತೆಗೇ ನಡೆಯಲಿ.

ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಈ ಮೂರೂ ಸೇರಿದ ಒಂದು ಗುಳಿಗಿಯನ್ನೇ ನಾವು ಈಗ ಟಿಎಲ್‌ಡಿ ಎಂದು ಕೊಡುತ್ತಿರುವುದು. ಇವುಗಳಲ್ಲಿ ಯಾವುದೂ ಹೆಂಡದ ಜೊತೆ ಕೂಡಿ ವಿಷವಾಗುವುದಿಲ್ಲ. ‘ಎರಡೂ ಕೂಡಿದ್ರ ಲಿವರ್ ಸುಟ್ಟು ಹೋಗ್ತದ’ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ, ಸಿಬ್ಬಂದಿಯಲ್ಲೂ ಇದೆ. ಕುಡಿತ ಯಕೃತ್ತಿಗೆ ಕೆಟ್ಟದ್ದು ಹೌದು. ಆದರೆ ಕುಡಿದ ರಾತ್ರಿ ಗುಳಿಗಿ ಬಿಟ್ಟರೆ ಆ ಯಕೃತ್ತಿಗೆ ಯಾವ ಉಪಕಾರವೂ ಆಗುವುದಿಲ್ಲ. ಹೆಪಟೈಟಿಸ್ ಬಿ ಇದ್ದವರಲ್ಲಂತೂ ಪರಿಣಾಮ ತಿರುಗುಮುರುಗು. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಬಿ ವೈರಾಣುವನ್ನೂ ಹಿಡಿದಿಟ್ಟಿರುತ್ತವೆ. ಗುಳಿಗಿ ನಿಲ್ಲಿಸಿದರೆ ಕಾಮಾಲೆ ಒಮ್ಮೆಲೇ ಕೆರಳಬಹುದು. ಆದ್ದರಿಂದ ಬಾಯಲ್ಲಿ ಬರಬೇಕಾದ ಮಾತು ಹೀಗಿರಲಿ: ‘ಕುಡಿದ್ರೂ ಗುಳಿಗಿ ತಪ್ಪಿಸಬ್ಯಾಡ. ಮರೆತ್ರ ನೆನಪಾದ ಕೂಡ್ಲೇ ತಗೋ. ಮುಂದಿನ ಗುಳಿಗಿ ಹೊತ್ತಿಗೆ ನಾಲ್ಕು ತಾಸಿನೊಳಗ ಇದ್ರ ಮಾತ್ರ ಹಿಂದಿನದು ಬಿಡು, ಎರಡು ಕೂಡಿಸಿ ನುಂಗಬ್ಯಾಡ.’

ಯಾವ ಹೊತ್ತಿಗೆ ತಗೊಳ್ಳಬೇಕು ಎಂಬುದನ್ನೂ ಅವನ ಕುಡಿತ ನೋಡಿ ಗೊತ್ತು ಮಾಡಬೇಕು. ರಾತ್ರಿ ಊಟದ ಮೇಲೆ ಎಂದು ಎಲ್ಲರಿಗೂ ಒಂದೇ ಸಾಲು ಹೇಳುವುದು ನಮಗೆ ರೂಢಿ. ಸಂಜೆ ಕುಡಿಯುವವನಿಗೆ ರಾತ್ರಿ ಊಟದ ನೆನಪೇ ಇರುವುದಿಲ್ಲ, ಗುಳಿಗಿಯ ನೆನಪು ಎಲ್ಲಿಂದ ಬರಬೇಕು? ಡೊಲುಟೆಗ್ರಾವಿರ್ ಮುಂಜಾನೆಯೂ ನಡೆಯುತ್ತದೆ. ಹಲ್ಲುಜ್ಜಿದ ಮೇಲೆ, ಚಹಾದ ಹೊತ್ತಿಗೆ, ಮೊದಲ ಗುಟುಕಿಗಿಂತ ಮುಂಚೆ ಎಂದು ಕೂಡಿಸಿಕೊಡಿ.

ಈಗ ನಮ್ಮ ಮೂರು ಜಿಲ್ಲೆಗಳಲ್ಲಿ ಏನೇನು ನಡೆಯುತ್ತಿದೆ ಎಂಬುದು. ಎಚ್‌ಐವಿ ಮತ್ತು ಮಾದಕ ವಸ್ತು ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಸೂಜಿ. ಅದಕ್ಕೆ ಕಾರಣವಿದೆ. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೂಜಿಯಲ್ಲಿ ನಶೆ ಮಾಡುವವರ ನಡುವೆ ಎಚ್‌ಐವಿ ಶೇ. 6.26, ಅದೇ ವರ್ಷ ದೇಶದ ಒಟ್ಟು ವಯಸ್ಕರಲ್ಲಿ ಶೇ. 0.22. ದೇಶದಲ್ಲಿ ಹೀಗೆ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು 2019ರ ಕೇಂದ್ರ ಸರ್ಕಾರದ ವರದಿ ಅಂದಾಜು ಮಾಡಿತು. ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದಲೇ ಹರಡಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಎಆರ್‌ಟಿ ಸರತಿಯಲ್ಲಿ ನಿಮಗೆ ಹೆಚ್ಚು ಕಾಣುವುದು ನೈಂಟಿ (90 ಎಂಎಲ್) ಪೌಚು, ಸೇಂದಿ (ಈಚಲ ಹೆಂಡ), ಗಾಂಜಾ, ಕೆಮ್ಮಿನ ಸಿರಪ್ಪು. ಸೂಜಿ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಟಪೆಂಟಡಾಲ್ ನೋವಿನ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುವ ಹುಡುಗರು ನಮ್ಮ ರಾಜ್ಯದಲ್ಲೂ ಇದ್ದಾರೆ.

ಎಷ್ಟು ಕುಡಿಯುತ್ತಾನೆ ಎಂದು ಕೇಳುವಾಗ ಅಳತೆ ನಮಗೆ ಗೊತ್ತಿರಬೇಕು. 30 ಎಂಎಲ್ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಅದು ಒಂದು ಪ್ರಮಾಣ. ನೈಂಟಿ ಅಂದರೆ ಮೂರು ಪ್ರಮಾಣ, ಕ್ವಾರ್ಟರ್ ಅಂದರೆ ಆರು. ‘ಒಂದೇ ಪೌಚ್ರಿ, ಜಾಸ್ತಿ ಇಲ್ಲ’ ಎಂದವನು ಮೂರು ಪ್ರಮಾಣ ಕುಡಿದಿದ್ದಾನೆ. ಕುಡಿತದ ಮಟ್ಟ ಅಳೆಯುವ ಆಡಿಟ್ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಮುಟ್ಟಿದರೆ ಕುಡಿತದ ಮಾತು ಎತ್ತಬೇಕು, 20 ಮುಟ್ಟಿದರೆ ಮನೋವೈದ್ಯರು ನೋಡಬೇಕು. ಪೌಚಿನ ಲೆಕ್ಕ ತಪ್ಪಿದರೆ ಈ ಅಂಕವೂ ತಪ್ಪುತ್ತದೆ. ತರಬೇತಿಯಲ್ಲಿ ಖಾಲಿ ಪೌಚಿಗೆ ನೀರು ತುಂಬಿ ಸ್ಟೀಲ್ ಲೋಟಕ್ಕೆ ಸುರಿಸಿ ತೋರಿಸುವುದು ಇದಕ್ಕೇ. ಕಣ್ಣಿಗೆ ಬಿದ್ದ ಅಳತೆ ಮರೆಯುವುದಿಲ್ಲ.

ಕೇಳುವ ರೀತಿ ಇನ್ನೂ ಮುಖ್ಯ. ‘ಕುಡೀತೀಯಾ?’ ಎಂದರೆ ‘ಇಲ್ರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಗಿಲು ಮುಚ್ಚಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮೊದಲು ಅನುಮತಿ ಕೇಳಿ: ‘ಕುಡಿತದ ಬಗ್ಗೆ ಎರಡು ಮಾತು ಕೇಳ್ಲೇನು? ಗುಳಿಗಿ ಕೊಡೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಗುಳಿಗಿ ಕೊಟ್ಟೇ ಕೊಡ್ತೀವಿ.’ ಆಮೇಲೆ: ‘ನಿನ್ನೆ ಮುಂಜಾನೆ ಎದ್ದಾಗಿಂದ ಮಲಗೋ ತನಕ ಏನೇನು ಮಾಡಿದಿ, ಹೇಳು.’ ದಿನದ ಕತೆಯೊಳಗೆ ಕುಡಿತ ತಾನಾಗಿ ಬರುತ್ತದೆ, ಗುಳಿಗಿ ತಪ್ಪಿದ ಗಳಿಗೆಯೂ ಬರುತ್ತದೆ. ಬರೆದುಕೊಳ್ಳುವಾಗ ಕಾರ್ಡಿನ ಮೇಲುಗಡೆ ‘ಕುಡುಕ’ ಎಂದು ಬರೆಯುವುದು, ಸಾಲಿನ ಮುಂದೆ ಹೆಸರಿನ ಜೊತೆ ಕೂಗುವುದು ಬೇಡ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿದೆ. ಅದರ 8ನೇ ಕಲಂ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಹೊರಗೆಡಹುವಂತಿಲ್ಲ. ನಶೆಯ ವಿಷಯಕ್ಕೂ ಅದೇ ಗುಟ್ಟು ಕಾಯಿರಿ. ಸಣ್ಣ ಊರಲ್ಲಿ ಎರಡೂ ಒಟ್ಟಿಗೇ ಬಯಲಾಗುತ್ತವೆ.

ಗುಳಿಗಿಗೂ ಬೇರೆ ಔಷಧಗಳಿಗೂ ನಡುವೆ ನಡೆಯುವ ಜಗಳ ನಮ್ಮಲ್ಲಿ ಬಹಳ ಸಲ ಗಮನಕ್ಕೆ ಬರುವುದೇ ಇಲ್ಲ. ಕುಡಿಯುವವನಿಗೆ ಹೊಟ್ಟೆ ಉರಿ. ಮೆಡಿಕಲ್ ಶಾಪಿನಲ್ಲಿ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ತಂದು ದಿನಾ ಕುಡಿಯುತ್ತಾನೆ. ಅದರಲ್ಲಿರುವ ಅಲ್ಯುಮಿನಿಯಂ, ಮೆಗ್ನೀಶಿಯಂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ರಕ್ತಕ್ಕೆ ಹೋಗಗೊಡುವುದಿಲ್ಲ. ಗುಳಿಗಿಯನ್ನು ಸಿರಪ್ಪಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತಗೊಳ್ಳಬೇಕು. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಇಲ್ಲ. ಇನ್ನು ಕುಡಿತ ಬಿಟ್ಟು ಫಿಟ್ಸ್ ಬಂದವನಿಗೆ ಹೊರಗಡೆ ಕಾರ್ಬಮಝೆಪಿನ್ ಇಲ್ಲವೇ ಫೆನಿಟಾಯಿನ್ ಬರೆದುಕೊಟ್ಟಿರುತ್ತಾರೆ. ಇವೆರಡೂ ಯಕೃತ್ತನ್ನು ಚುರುಕು ಮಾಡಿ ಡೊಲುಟೆಗ್ರಾವಿರ್ ಬೇಗ ಕರಗುವಂತೆ ಮಾಡುತ್ತವೆ. ಒಂದು ಗುಳಿಗಿಯೂ ತಪ್ಪಿಸದವನ ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಎಣಿಕೆ) 1000 ದಾಟಿದರೆ ‘ಸುಳ್ಳು ಹೇಳ್ತಾನ’ ಎಂದು ಬೈಯುವ ಮೊದಲು ಅವನ ಚೀಲ ಬಿಚ್ಚಿಸಿ ಬೇರೆ ಯಾವ ಮಾತ್ರೆ ಇದೆ ನೋಡಿ. ಆ ಫಿಟ್ಸ್ ಮಾತ್ರೆ ಇದ್ದರೆ ಅದನ್ನು ಲೆವೆಟಿರಾಸಿಟಮ್‌ಗೆ ಬದಲಿಸಲು ವೈದ್ಯರಿಗೆ ಬರೆದು ಕಳಿಸಿ. ಟಿಬಿಯ ರಿಫಾಂಪಿಸಿನ್ ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೇ 12 ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ 50 ಕೊಡುವುದು. ದಿನಾ ಜೋರಾಗಿ ಕುಡಿಯುವವನಿಗೆ ಟಿಬಿ ತಡೆಯ ಐಸೊನಿಯಾಜಿಡ್ ಶುರು ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಐಸೊನಿಯಾಜಿಡ್ ಮತ್ತು ಹೆಂಡ ಕೂಡಿದರೆ ಯಕೃತ್ತಿಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆ.

ಸೇಂದಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ಇದು ನಮ್ಮ ಗಡಿನಾಡಿನ ವಿಶೇಷ ಕಷ್ಟ. ಬೇರೆ ಕಡೆಯಿಂದ ಬರುವ ತರಬೇತಿ ಪುಸ್ತಕಗಳಲ್ಲಿ ಇದಿರುವುದಿಲ್ಲ. ‘ನಾನು ಬರೇ ಸೇಂದಿ ಕುಡಿಯೋದ್ರಿ’ ಎಂದರೆ ನಾವು ಹಗುರ ಎಂದುಕೊಳ್ಳುತ್ತೇವೆ. ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಇರುತ್ತದೆ. ಕೆಲವೆಡೆ ಡಯಾಝೆಪಾಮ್, ಆಲ್ಪ್ರಾಜೋಲಾಮ್ ಬೆರೆಸುತ್ತಾರೆ. ಮೂರೂ ನಿದ್ದೆಯ ಔಷಧಗಳೇ. ತಿಂಗಳುಗಟ್ಟಲೆ ಕುಡಿದವನಿಗೆ ಗೊತ್ತಿಲ್ಲದೆಯೇ ನಿದ್ದೆ ಮಾತ್ರೆಯ ಚಟ ಹತ್ತಿರುತ್ತದೆ. ಅಂಗಡಿ ಮುಚ್ಚಿತು, ದಾಳಿಯಾಯಿತು, ಇಲ್ಲವೇ ನಾವೇ ‘ಇವತ್ತಿಂದ ಬಿಡು’ ಎಂದೆವು ಎನ್ನಿ. ಎರಡು ಮೂರು ದಿನದೊಳಗೆ ನಿದ್ದೆ ಹಾರುತ್ತದೆ, ಮೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಕ್ರಮ ಬಿಗಿಯಾದಾಗ, ನಮ್ಮ ಪಕ್ಕದ ಮೆಹಬೂಬನಗರವೂ ಸೇರಿ ಹಲವೆಡೆ ಆಸ್ಪತ್ರೆಗಳು ಇಂಥ ರೋಗಿಗಳಿಂದ ತುಂಬಿದ್ದವು. ಎಚ್‌ಐವಿ ಇರುವವನಲ್ಲಿ ಇದೇ ಲಕ್ಷಣ ಕಂಡರೆ ಮೆದುಳಿನ ಸೋಂಕು ಎಂದುಕೊಂಡು ಹೊತ್ತು ಕಳೆಯುವುದೂ ಉಂಟು, ಬರೀ ಸೇಂದಿಯದು ಎಂದುಕೊಂಡು ನಿಜವಾದ ಸೋಂಕನ್ನು ಬಿಟ್ಟುಬಿಡುವುದೂ ಉಂಟು. ಜ್ವರ, ತಲೆನೋವು, ಕತ್ತು ಬಿಗಿತ, ಕಡಿಮೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಇದ್ದರೆ ಎರಡನ್ನೂ ಹುಡುಕಬೇಕು.

ಹೆಂಡದ ಚಟ ಇರುವವನು ಒಮ್ಮೆಲೇ ಬಿಟ್ಟಾಗಲೂ ಗಡಿಯಾರ ಹೀಗೇ ಓಡುತ್ತದೆ. 6ರಿಂದ 8 ಗಂಟೆಗೆ ನಡುಕ, ಬೆವರು. 6ರಿಂದ 48 ಗಂಟೆಯೊಳಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ, ಇದರಲ್ಲಿ ಜೀವ ಹೋಗಬಹುದು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ ಎಂಬ ಒಂದು ಪ್ರಶ್ನೆ ಯಾರಿಗೆ ಒಳರೋಗಿಯಾಗಿ ಚಿಕಿತ್ಸೆ ಬೇಕು ಎಂಬುದನ್ನು ಅರ್ಧ ತೀರ್ಮಾನ ಮಾಡುತ್ತದೆ. ನಮ್ಮ ಹಳ್ಳಿಗಳಲ್ಲಿ ಸುಸ್ತಾದ ಕುಡುಕನಿಗೆ ಮೊದಲು ಏರಿಸುವುದು ಗ್ಲೂಕೋಸ್ ಬಾಟಲಿ. ಅವನ ಮೈಯಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ1 ಬರಿದಾಗಿರುತ್ತದೆ. ಗ್ಲೂಕೋಸ್ ಕರಗಿಸಲು ಉಳಿದಷ್ಟೂ ಖರ್ಚಾಗಿ ಕಣ್ಣು ಓಲಾಡಿ, ನಡಿಗೆ ತಪ್ಪಿ, ಬುದ್ಧಿ ಮಂಕಾಗಬಹುದು. ಕೆಲವರಿಗೆ ಆ ಮರೆವು ಜನ್ಮಕ್ಕೆ ಉಳಿಯುತ್ತದೆ. ಬಾಟಲಿಗೆ ಮೊದಲು ಕನಿಷ್ಠ 100 ಮಿ.ಗ್ರಾಂ ಥಯಮಿನ್ ಇಂಜೆಕ್ಷನ್ ಹೋಗಬೇಕು. ನಡುಕಕ್ಕೆ ಡಯಾಝೆಪಾಮ್, ಯಕೃತ್ತು ಕೆಟ್ಟಿದ್ದರೆ ಲೊರಾಝೆಪಾಮ್, ವೈದ್ಯರ ಕೈಯಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ನಿಮ್ಮ ರೋಗಿಯ ಎಆರ್‌ಟಿ ದಿನವನ್ನು ಮಂಗಳವಾರಕ್ಕೆ ಹೊಂದಿಸಿದರೆ ಒಂದು ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯುತ್ತದೆ. ಫಿಟ್ಸ್ ಬಂದವನನ್ನು ಮಾತ್ರ ಮಂಗಳವಾರಕ್ಕೆ ಕಾಯಿಸಬೇಡಿ, 108 ಕರೆಯಿರಿ.

ಸೂಜಿಯವರು ಸಂಖ್ಯೆಯಲ್ಲಿ ಕಡಿಮೆ, ನಮ್ಮಿಂದ ಬೇಗ ದೂರವಾಗುವವರೂ ಅವರೇ. ಅದರ ಒಂದು ಕಾರಣ ಪ್ರಯೋಗಾಲಯದ ಕುರ್ಚಿ. ಚುಚ್ಚಿ ಚುಚ್ಚಿ ಮೊಣಕೈ ಒಳಗಿನ ನರಗಳು ಹಗ್ಗದಂತೆ ಗಟ್ಟಿಯಾಗಿರುತ್ತವೆ. ವೈರಲ್ ಲೋಡ್‌ಗೆ ರಕ್ತ ತೆಗೆಯಲು ನಾವು ಅಲ್ಲೇ ಐದಾರು ಸಲ ಇರಿಯುತ್ತೇವೆ, ನಡುವೆ ‘ಎಲ್ಲಾ ಹಾಳು ಮಾಡ್ಕೊಂಡೀ’ ಎನ್ನುತ್ತೇವೆ. ಅವನು ಮತ್ತೆ ಬರುವುದಿಲ್ಲ. ಅವನನ್ನೇ ಕೇಳಿ: ‘ಯಾವ ನರ ಸಿಗ್ತದ ಹೇಳಪ್ಪಾ.’ ಅವನ ಕೈ ಅವನಿಗೆ ಗೊತ್ತು. ಎರಡು ನಿಮಿಷ ಬಿಸಿನೀರಿನ ಬಟ್ಟೆ ಸುತ್ತಿ, ಕೈ ಕೆಳಗೆ ಇಳಿಬಿಡಿಸಿ, ಸಣ್ಣ ಸೂಜಿ ಹಿಡಿಯಿರಿ. ಎರಡು ಸಲಕ್ಕೆ ಸಿಗದಿದ್ದರೆ ಬೇರೆಯವರನ್ನು ಕರೆಯಿರಿ. ಮಾತ್ರೆ ಪುಡಿ ಚುಚ್ಚಿಕೊಂಡವರ ಕೈಯಲ್ಲಿ ಬಾವು, ಹುಣ್ಣು ನೋಡಿ. ಮಾತ್ರೆಯಲ್ಲಿರುವ ಟಾಲ್ಕು, ಹಿಟ್ಟು ನೀರಲ್ಲಿ ಕರಗುವುದಿಲ್ಲ, ಸಣ್ಣ ರಕ್ತನಾಳಕ್ಕೆ ಬೂಚು ಹಾಕಿದಂತೆ ಕೂರುತ್ತವೆ. ಬೆರಳು ಕಪ್ಪಾಗುತ್ತಿದ್ದರೆ ಅದು ಆ ದಿನವೇ ಶಸ್ತ್ರಚಿಕಿತ್ಸಕರ ಕೆಲಸ.

ಸೂಜಿ ಹಂಚಿಕೊಳ್ಳಬಾರದು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಕಲಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಕೂಡ ವೈರಾಣು ದಾಟಿಸುತ್ತವೆ, ಹೆಪಟೈಟಿಸ್ ಸಿ ಅಂತೂ ಎಚ್‌ಐವಿಗಿಂತ ಸುಲಭವಾಗಿ ದಾಟುತ್ತದೆ. ಸಿ ಇದ್ದರೆ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ 400, ಡಕ್ಲಾಟಾಸ್ವಿರ್ 60, ದಿನಕ್ಕೊಂದು ಸಲ, 12 ವಾರ. ಟಿಎಲ್‌ಡಿ ಜೊತೆ ನಡೆಯುತ್ತದೆ, ರಿಫಾಂಪಿಸಿನ್ ಜೊತೆ ನಡೆಯುವುದಿಲ್ಲ. ಸುರಕ್ಷಿತ ಸೂಜಿ ಕೊಡುವುದು, ಚುಚ್ಚುವ ನಶೆಗೆ ಬದಲಿ ಔಷಧ ಕೊಡುವುದು ಅಪರಾಧವಲ್ಲ ಎಂದು ಎಚ್‌ಐವಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಪೊಲೀಸರ ಭಯದಿಂದ ಹಿಂಜರಿಯುವ ಸಿಬ್ಬಂದಿ ಆ ಕಲಂ ಓದಬೇಕು.

ಬದಲಿ ಔಷಧ ಬ್ಯುಪ್ರೆನಾರ್ಫಿನ್ ಕೊಡುವ ದೃಶ್ಯವನ್ನು ಹತ್ತಿರದಿಂದ ನೋಡಿ. ಮಾತ್ರೆಯನ್ನು ಶುಶ್ರೂಷಕಿ ಪುಡಿ ಮಾಡಿ ನಾಲಗೆಯ ಕೆಳಗೆ ಹಾಕುತ್ತಾರೆ. 5ರಿಂದ 10 ನಿಮಿಷ ಅಲ್ಲೇ ಕೂರಬೇಕು, ಉಗುಳು ನುಂಗಬಾರದು, ಮಾತಾಡಬಾರದು. ನುಂಗಿದರೆ ಹೊಟ್ಟೆಗೆ ಹೋಗಿ ಬಹುಪಾಲು ವ್ಯರ್ಥ. ಇಡೀ ಮಾತ್ರೆ ಕೈಗೆ ಕೊಟ್ಟರೆ ಹೊರಗೆ ಹೋಗಿ ಚುಚ್ಚಿಕೊಳ್ಳುವ ಸಾಧ್ಯತೆ ಇದೆ, ಪುಡಿ ಮಾಡುವುದು ಅದಕ್ಕೆ. ಮೊದಲ ದಿನದ ತಪ್ಪು ದೊಡ್ಡದು. ಹೆರಾಯಿನ್ ಚುಚ್ಚಿಕೊಂಡು ಮೂರು ಗಂಟೆಯೂ ಆಗದವನಿಗೆ ಬ್ಯುಪ್ರೆನಾರ್ಫಿನ್ ಕೊಟ್ಟರೆ, ಅದು ಮೆದುಳಿನಲ್ಲಿ ಕೂತ ಹೆರಾಯಿನ್ನನ್ನು ತಳ್ಳಿ ತಾನು ಕೂರುತ್ತದೆ, ಆದರೆ ಅಷ್ಟು ಬಲದ ನೆಮ್ಮದಿ ಕೊಡುವುದಿಲ್ಲ. ಆರಾಮಾಗಿ ಕೂತಿದ್ದವನು ಅರ್ಧ ಗಂಟೆಯೊಳಗೆ ವಾಂತಿ, ಭೇದಿ, ಮೈಮುರಿತದಲ್ಲಿ ಒದ್ದಾಡುತ್ತಾನೆ. ‘ಸರ್ಕಾರಿ ಔಷಧ ವಿಷ’ ಎಂಬ ಸುದ್ದಿ ಸಂಜೆಯೊಳಗೆ ಗೆಳೆಯರಿಗೆಲ್ಲ ತಲುಪುತ್ತದೆ. 8ರಿಂದ 12 ಗಂಟೆ ಕಾಯಿರಿ. ಆಕಳಿಕೆ, ಮೂಗು ಸೋರುವುದು, ರೋಮ ನಿಮಿರುವುದು, ಕಣ್ಣಪಾಪೆ ಅಗಲವಾಗುವುದು ಕಂಡ ಮೇಲೆ 2ರಿಂದ 4 ಮಿ.ಗ್ರಾಂ. ಡೊಲುಟೆಗ್ರಾವಿರ್ ಇದಕ್ಕೆ ಅಡ್ಡಿಯಲ್ಲ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಬ್ಯುಪ್ರೆನಾರ್ಫಿನ್ ಮಟ್ಟ ಕುಸಿಯುತ್ತದೆ, ಅವನು ಮತ್ತೆ ಸೂಜಿಗೆ ಹೋಗುವ ಮುಂಚೆ ವೈದ್ಯರು ಪ್ರಮಾಣ ನೋಡಬೇಕು.

ಹೆರಾಯಿನ್‌ನಂಥ ನಶೆಯ ಮಿತಿಮೀರಿದ ಡೋಸಿನ ಗುರುತು ಮೂರು: ಎಬ್ಬಿಸಿದರೂ ಏಳುವುದಿಲ್ಲ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದೆ, ಉಸಿರು ನಿಧಾನವಾಗಿ ತುಟಿ ನೀಲಿಯಾಗಿದೆ. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲಿ ಇದು ಹೆಚ್ಚು. ಮೈ ಹಳೆಯ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಕೈ ಹಳೆಯ ಪ್ರಮಾಣವನ್ನೇ ತುಂಬುತ್ತದೆ. ತಲೆ ಹಿಂದಕ್ಕೆ ಬಾಗಿಸಿ ಐದು ಸೆಕೆಂಡಿಗೊಂದು ಉಸಿರು ಕೊಡಿ. ಆ ನಶೆ ಇಳಿಸುವ ನಲೊಕ್ಸೋನ್ ಇಂಜೆಕ್ಷನ್ 0.4 ಮಿ.ಗ್ರಾಂ ತೊಡೆಗೆ, 2-3 ನಿಮಿಷಕ್ಕೆ ಏಳದಿದ್ದರೆ ಇನ್ನೊಂದು. ಎದ್ದ ಕೂಡಲೇ ಮನೆಗೆ ಕಳಿಸಬೇಡಿ. ನಲೊಕ್ಸೋನ್ ಪ್ರಭಾವ 30ರಿಂದ 90 ನಿಮಿಷ, ಆಮೇಲೆ ಮತ್ತೆ ಉಸಿರು ನಿಲ್ಲಬಹುದು. ಉಪ್ಪುನೀರು ಚುಚ್ಚುವುದು, ಮಜ್ಜಿಗೆ ಕುಡಿಸುವುದು, ಕೆನ್ನೆಗೆ ಹೊಡೆಯುವುದರಿಂದ ಹೊತ್ತು ಮಾತ್ರ ಹೋಗುತ್ತದೆ.

ನಮ್ಮ ಭಯವನ್ನೂ ಮುಚ್ಚಿಡುವುದು ಬೇಡ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಬಿ ಅದಕ್ಕಿಂತ ಎಷ್ಟೋ ಪಟ್ಟು ಅಪಾಯ, ಮೂರು ಡೋಸ್ ಹಾಕಿಸಿಕೊಳ್ಳಿ. ಚುಚ್ಚಿದರೆ ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಹಾಕಬೇಡಿ. ಎರಡು ಗಂಟೆಯೊಳಗೆ ಟಿಎಲ್‌ಡಿ ಶುರುವಾದರೆ ಒಳ್ಳೆಯದು, 72 ಗಂಟೆಯ ಒಳಗೆ ಆಗಲೇಬೇಕು, ಒಟ್ಟು 28 ದಿನ. ಎರಡು ಕೈಯಲ್ಲಿ ಹಿಡಿದು ಸೂಜಿಗೆ ಮುಚ್ಚಳ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ.

ತರಬೇತಿ ನಡೆಸುವವರಿಗೆ ಒಂದು ಸೂಚನೆ. ಪರದೆಯ ಮೇಲೆ ಸಾಲು ಓದಿಸಿದರೆ ಯಾರ ನಾಲಗೆಯೂ ಬದಲಾಗುವುದಿಲ್ಲ. ಮೂವರ ಗುಂಪು ಮಾಡಿ. ಒಬ್ಬರು ರೋಗಿ, ಒಬ್ಬರು ಸಮಾಲೋಚಕರು, ಮೂರನೆಯವರ ಕೈಯಲ್ಲಿ ಪೆನ್ನು. ಏಳು ನಿಮಿಷದಲ್ಲಿ ಸಮಾಲೋಚಕರು ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಲ ‘ಬಿಡು’ ಎಂದರು ಎಂದು ಮೂರನೆಯವರು ಗೀಟು ಹಾಕಲಿ. ಮೊದಲ ಸುತ್ತಿನಲ್ಲಿ ‘ಬಿಡು’ವಿನ ಗೀಟುಗಳೇ ಹೆಚ್ಚು ಬೀಳುತ್ತವೆ, ಮೂರನೆಯ ಸುತ್ತಿಗೆ ಕಡಿಮೆಯಾಗುತ್ತವೆ. ಔಷಧ ಕೊಡುವ ಫಾರ್ಮಸಿಸ್ಟ್, ಬಾಗಿಲಲ್ಲಿ ನಿಲ್ಲುವ ಕಾವಲುಗಾರ ಕೂಡ ಕೂರಲಿ, ವಾಪಸ್ ಕಳಿಸುವ ಮಾತು ಬಹಳ ಸಲ ಬಾಗಿಲಲ್ಲೇ ಬರುತ್ತದೆ. ನಶೆಯಿಂದ ಹೊರಬಂದು ಗುಳಿಗಿ ತಪ್ಪದೆ ನುಂಗುತ್ತಿರುವ ಒಬ್ಬರು ಒಪ್ಪಿದರೆ, ಅವರಿಗೆ ಆ ದಿನದ ಗೌರವಧನ ಕೊಟ್ಟು ಪಾಠ ಹೇಳಿಸಿ. ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಒಂದೇ ಒಂದು ರೋಗಿಯ ಚರ್ಚೆ ಇಟ್ಟುಕೊಳ್ಳಿ. ಆಡಿಟ್ 8 ಮುಟ್ಟಿದವರಲ್ಲಿ ಎಷ್ಟು ಮಂದಿ ಕೊಟ್ಟ ದಿನಕ್ಕೆ ಬಂದರು ಎಂದು ಎಣಿಸಿ. ತರಬೇತಿ ಫಲಿಸಿತೋ ಇಲ್ಲವೋ ಎಂಬುದು ಅಲ್ಲಿ ಕಾಣುತ್ತದೆ.

ಕೊನೆಯದಾಗಿ ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋಗುವವರು ಬಿತ್ತನೆ ಹೊತ್ತಿಗೆ ಮರಳುತ್ತಾರೆ. ಕುಡಿತ ಹೆಚ್ಚಾಗುವುದೂ ಗುಳಿಗಿ ತಪ್ಪುವುದೂ ಆ ತಿಂಗಳುಗಳಲ್ಲೇ. ಹೊರಡುವ ಮೊದಲು ಬರಲು ಹೇಳಿ, ಆರೋಗ್ಯ ಸ್ಥಿರವಾಗಿದ್ದರೆ ಮೂರು ತಿಂಗಳ ಗುಳಿಗಿ ಕೊಡಿಸಿ, ಹೋಗುವ ಊರಿನ ಎಆರ್‌ಟಿ ಕೇಂದ್ರದ ವಿಳಾಸ ಬರೆದುಕೊಡಿ. 1097 ಸಹಾಯವಾಣಿ, ನಶೆಗೆ 14446 ಎರಡೂ ಫೋನಿನಲ್ಲಿ ಉಳಿಸಿಕೊಡಿ. ಆಮೇಲೆ ಕೇಳಿ: ‘ಅಲ್ಲಿ ಗುಳಿಗಿ ಎಲ್ಲಿ ಇಡ್ತೀ?’ ಡಬ್ಬಿ ಅಲ್ಲಾಡಿದರೆ ಸದ್ದು ಬರುತ್ತದೆ, ಪಕ್ಕದವರು ಚೀಟಿ ಓದುತ್ತಾರೆ ಎಂದು ಎಷ್ಟೋ ಜನ ಗುಳಿಗಿಯನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಸುರಿದು ತಗಡಿನ ಶೆಡ್ಡಿನ ಸಂದಿಯಲ್ಲಿ ಸಿಕ್ಕಿಸುತ್ತಾರೆ. ಬಿಸಿಲಿಗೆ, ತೇವಕ್ಕೆ ಅದು ಕೆಡುತ್ತದೆ. ಚೀಟಿಯನ್ನು ಅವನ ಎದುರೇ ಕಿತ್ತುಹಾಕಿ, ತೇವ ಹೀರುವ ಸಣ್ಣ ಪೊಟ್ಟಣ ಒಳಗೇ ಬಿಟ್ಟು, ಸದ್ದಾಗದಂತೆ ಮೇಲೊಂದು ಉಂಡೆ ಹತ್ತಿ ಒತ್ತಿ, ಡಬ್ಬಿಯನ್ನು ಬಟ್ಟೆಯ ಚೀಲದ ತಳದಲ್ಲಿ ಇಡಲು ತೋರಿಸಿ ಕಳಿಸಿ.